ಫೋನಿಗೆ ಹುಬ್ಬು ಕಾಣುವುದಿಲ್ಲ

ಕಂಗಿಯಾಪಿಕ್
14 ಸೆಪ್ಟೆಂಬರ್ 2011

ನನ್ನ ಅವ್ವಾ ಉವಿಲುಕ್,

ನಮ್ಮ ಹಿಮದ ಊರಿಗೆ ವರ್ಷಕ್ಕೊಮ್ಮೆ ಬರುವ ಹಡಗು ಬಂದು ಹೋಯಿತು, ಇನ್ನು ಕಾಗದಕ್ಕೆ ಟಪಾಲು ವಿಮಾನವೇ ಗತಿ. ನೀನು ಕಳಿಸಿದ ಚಹಾ, ಬಟ್ಟೆ ಎಲ್ಲ ತಲುಪಿದವು. ಬಟ್ಟೆ ಗಟ್ಟಿಯಾಗಿದೆ, ಬಣ್ಣ ಮಾತ್ರ ಪಾದ್ರಿಯ ಹೆಂಡತಿಗೆ ಹೇಳಿ ಮಾಡಿಸಿದ ಹಾಗಿದೆ. ಒಟ್ಟಾವಾದಲ್ಲಿ ಕೆಂಪು ಬಣ್ಣ ಮುಗಿದು ಹೋಗಿದೆಯೇನು?

ಅರವತ್ತು ದಾಟಿದ ಮುದುಕಿ ನಿನ್ನನ್ನು ಯಾಕೆ ಅವ್ವ ಅನ್ನುತ್ತಾಳೆ ಎಂದು ನಿನ್ನ ಆಫೀಸಿನವರು ಕೇಳಿದರೆ ಸಂಕೋಚ ಪಡದೆ ಹೇಳು. ನನ್ನನ್ನು ಹೆತ್ತ ಅವ್ವ ತೀರಿಕೊಂಡ ಚಳಿಗಾಲದಲ್ಲೇ ನನ್ನ ತಂಗಿ ನಿನ್ನನ್ನು ಹೆತ್ತಳು. ಅವ್ವನ ಹೆಸರನ್ನು ನಿನಗೆ ಇಟ್ಟೆವು. ಹೆಸರು ಬಂದಲ್ಲಿಗೆ ಅವ್ವನೂ ಬಂದಳು. ನಿನಗೆ ದೊಡ್ಡಮ್ಮ ಆಗಬೇಕಾದವಳು ಮಗಳಾದೆ. ನಿನ್ನನ್ನು ಬೆನ್ನಿಗೆ ಹಾಕಿಕೊಂಡು ಮೂಗು ಒರೆಸುತ್ತಾ, 'ಸುಮ್ನಿರೇ ಅವ್ವಾ, ಎಷ್ಟು ಅಳ್ತೀಯ' ಎಂದು ಗದರಿದ್ದು ಊರಿಗೆಲ್ಲ ನೆನಪಿದೆ.

ಕಾಗದ ಯಾಕೆ, ಫೋನ್ ಮಾಡು ಅಂದಿದ್ದೀ. ಮಾಡುವುದಿಲ್ಲ. ನಮ್ಮ ಮಾತಿನ ಅರ್ಧ ಮುಖದಲ್ಲಿ ಇರುತ್ತದೆ. ಹೌದು ಅನ್ನುವುದಕ್ಕೆ ಹುಬ್ಬು ಏರಿಸುತ್ತೇವೆ, ಇಲ್ಲ ಅನ್ನುವುದಕ್ಕೆ ಮೂಗು ಸುಕ್ಕಿಸುತ್ತೇವೆ. ಫೋನು ಆ ಅರ್ಧವನ್ನು ನುಂಗಿ ಹಾಕುತ್ತದೆ. ಕಾಗದದಲ್ಲಾದರೆ ಬರೆದು ತಿಳಿಸಬಹುದು. ಹುಷಾರಾಗಿದ್ದೀಯಾ ಎಂದು ನೀನು ಕೇಳಿದ್ದಕ್ಕೆ ಈಗ ಹುಬ್ಬು ಏರಿಸಿದ್ದೇನೆ, ನೋಡಿಕೋ.

ನಮ್ಮ ಹೊಲಿಗೆ ಮನೆ ಈ ಚಳಿಗಾಲ ದಾಟುವ ಹಾಗೆ ಕಾಣುವುದಿಲ್ಲ. ಹಳೆಯ ಅಂಗಡಿಯ ಹಿಂದಿನ ಕೋಣೆಯನ್ನು ಊರಿನವರು ಬಿಟ್ಟುಕೊಟ್ಟಿದ್ದಾರೆ. ಒಲೆಗೆ ಎಣ್ಣೆ ಯಾರು ಕೊಡುತ್ತಾರೆ? ಮನಸ್ಸಿನ ಆರೋಗ್ಯಕ್ಕೆ ಅಂತ ನಿಮ್ಮ ಕಚೇರಿಯಲ್ಲಿ ಹಣ ಇದೆಯಂತೆ. ನರ್ಸಮ್ಮ ನನ್ನ ಕೈಯಲ್ಲಿ ಅರ್ಜಿ ಹಾಕಿಸಿದ್ದಾಳೆ. 'ಲೀಟಿಯಾ, ಅಲ್ಲಿ ಏನು ಚಿಕಿತ್ಸೆ ಕೊಡ್ತೀರಿ ಅಂತ ಬರೀಬೇಕು' ಅಂದಳು. ಚಿಕಿತ್ಸೆ ಏನು ಮಣ್ಣು? ದೀಪ ಹಚ್ಚುತ್ತೇವೆ, ಹುಡುಗಿಯರು ಸೀಲ್ ಚರ್ಮದ ಬೂಟು ಹೊಲಿಯುತ್ತಾರೆ. ನೀರು ನುಸುಳದ ಹೊಲಿಗೆ ನಿನಗೂ ಕಲಿಸಿದ್ದೆನಲ್ಲ. ಸೂಜಿ ಚರ್ಮದ ಅರ್ಧ ದಪ್ಪಕ್ಕೆ ಹೋಗಿ ತಿರುಗಿ ಬರಬೇಕು, ಆ ಕಡೆಗೆ ತೂತು ಬಿದ್ದರೆ ಬೂಟು ಕೆಟ್ಟಿತು. ಹುಡುಗಿಯರನ್ನು ಕೇಳುವ ಪ್ರಶ್ನೆಯೂ ಹಾಗೆಯೇ. ಅರ್ಧಕ್ಕೆ ಕೇಳಿ ಬಿಡಬೇಕು. ಕಣ್ಣು ಸೂಜಿಯ ಮೇಲಿರುವಾಗ ಉಳಿದದ್ದನ್ನು ಅವರೇ ಹೇಳುತ್ತಾರೆ.

ನನ್ನ ಚಿಂತೆ ಎಲ್ಲ ಕಿಲಾಕ್‌ಳದು. ನನ್ನ ಮೊಮ್ಮಗಳು, ಸತ್ತ ನನ್ನ ಗಂಡನ ಹೆಸರು ಹೊತ್ತವಳು. ಹದಿನಾರರ ಹುಡುಗಿಯನ್ನು ನಾನು 'ಯಜಮಾನ್ರೇ' ಅಂತ ಕರೆದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೆತ್ತವಳು ಗಣಿಯಲ್ಲಿ ಅಡುಗೆ ಕೆಲಸಕ್ಕೆ ಹೋದಳು, ಸಾಕಿದವಳು ನಾನು. ಹೋದ ವರ್ಷ ಅವಳ ಜೀವದ ಗೆಳತಿ ತನ್ನ ಕೈಯಾರೆ ಜೀವ ಕಳೆದುಕೊಂಡ ಮೇಲೆ ಇವಳು ಶಾಲೆ ಬಿಟ್ಟಳು, ಊಟ ಬಿಟ್ಟಳು. ಹೊಲಿಗೆ ಮನೆಗೆ ಬಂದು ಬಹಳ ದಿನ ಗೋಡೆ ನೋಡುತ್ತಾ ಕೂತಳು. ಯಾರೂ ಏನೂ ಕೇಳಲಿಲ್ಲ. ಒಂದು ದಿನ ತಾನಾಗಿ ಸೂಜಿ ತೆಗೆದುಕೊಂಡಳು. ಈಗ ಹೊಲಿಯುತ್ತಾಳೆ, ಉಣ್ಣುತ್ತಾಳೆ, ನನ್ನ ಹೊಲಿಗೆಗೆ ಹೆಸರಿಡುತ್ತಾಳೆ. ಆ ಮನೆಗೆ ಬೀಗ ಬಿದ್ದರೆ ಅವಳು ಎಲ್ಲಿ ಹೋಗಿ ಕೂರಬೇಕು? ಗೆಳತಿ ಹೋದ ದಾರಿ ಅವಳಿಗೂ ಗೊತ್ತು ಅವ್ವಾ. ನನಗೆ ಹೆದರಿಕೆ.

ನಿನ್ನ ಮಗಳು,
ಲೀಟಿಯಾ

*

ಒಟ್ಟಾವಾ
3 ಅಕ್ಟೋಬರ್ 2011

ಪ್ರೀತಿಯ ಮಗಳೇ,

ಅರ್ಜಿ ನನ್ನ ಮೇಜಿನ ಮೇಲೆಯೇ ಇದೆ. ಈ ತಿಂಗಳು ಸಮಿತಿಯವರು ನಿನಗೆ ಫೋನ್ ಮಾಡುತ್ತಾರೆ. ಬೈಯಬೇಡ, ಮುಖ ನೋಡಲು ಇಲ್ಲಿಂದ ಅಲ್ಲಿಗೆ ಬರುವ ರೂಢಿ ಅವರಿಗಿಲ್ಲ. ಒಬ್ಬ ದುಭಾಷಿ ಇನ್ನೊಂದು ಊರಿನಿಂದ ಅದೇ ಫೋನಿಗೆ ಸೇರಿಕೊಳ್ಳುತ್ತಾನೆ.

ಒಂದು ಮಾತು ಕೇಳು. ನಮ್ಮವರ ಹಾಗೆ 'ಏನೋ ಮಾಡ್ತೀವಪ್ಪಾ, ದೊಡ್ಡ ವಿಷಯ ಏನಲ್ಲ' ಅನ್ನಬೇಡ. ಜಂಬ ಕೊಚ್ಚಿಕೊಳ್ಳುವುದು ನಮ್ಮಲ್ಲಿ ನಾಚಿಕೆ, ಇಲ್ಲಿ ಅದೇ ಅರ್ಹತೆ. ಬಾಯಿಬಿಟ್ಟು, ಗಟ್ಟಿಯಾಗಿ ಹೇಳು.

ನಾನೂ ಆ ಕೋಣೆಯಲ್ಲಿ ಇರುತ್ತೇನೆ. ನಡೆದದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ನೀನು ನನಗೆ ಏನಾಗಬೇಕು ಅಂತ ಇಲ್ಲಿ ಹೇಳಿಲ್ಲ. ಹೇಳಿದರೆ ನನ್ನನ್ನು ಹೊರಗೆ ಕೂರಿಸುತ್ತಾರೆ. ಆದ್ದರಿಂದ ಫೋನಿನಲ್ಲಿ ಅವ್ವಾ ಅನ್ನಬೇಡ. ನಾನು ಒಳಗಿದ್ದರೆ ನಿನಗೆ ಒಳ್ಳೆಯದು.

ಕಿಲಾಕ್‌ಗೆ ನನ್ನ ಮುತ್ತು. ಕೆಂಪು ಬಟ್ಟೆ ಹುಡುಕುತ್ತಿದ್ದೇನೆ.

ನಿನ್ನ ಅವ್ವ,
ಉವಿಲುಕ್

*

ಕಂಗಿಯಾಪಿಕ್
27 ಅಕ್ಟೋಬರ್ 2011

ಅವ್ವಾ,

ಮುಗಿಯಿತು! ನರ್ಸಮ್ಮನ ಕೋಣೆಯಲ್ಲಿ ಕೂತು ಮಾತಾಡಿದೆ. ಕಿಲಾಕ್ ಪಕ್ಕದಲ್ಲಿ ಕೂತು ಚರ್ಮ ಮೆದುಮಾಡುತ್ತಿದ್ದಳು. ನೀನು ಹೇಳಿದ ಹಾಗೆ ಜಂಬ ಕೊಚ್ಚಿದೆ. 'ನಮ್ಮ ಬೂಟಿಗೆ ನೀರು ನುಸುಳಲ್ಲ' ಅಂತ ಒದರಿದೆ. ದುಭಾಷಿ ಅದನ್ನು ಏನಂತ ಹೇಳಿದನೋ, ಆ ಕಡೆ ಯಾರೋ ನಕ್ಕರು.

ಆಮೇಲೆ ನಿಮ್ಮ ದೊಡ್ಡ ಮೇಡಂ ಕೇಳಿದಳು, ಈ ಮನೆ ಮುಚ್ಚಿದರೆ ಯಾರ ಜೀವಕ್ಕಾದರೂ ಅಪಾಯ ಇದೆಯೇ ಅಂತ. ಸೂಜಿಯನ್ನು ಸೀದಾ ಆ ಕಡೆಗೆ ದಾಟಿಸಿಬಿಟ್ಟಳು ನೋಡು. ಫೋನಿನ ದನಿ ಕಿಲಾಕ್‌ಗೂ ಕೇಳಿಸಿತು, ತಲೆ ತಗ್ಗಿಸಿದಳು. ಮಗುವಿನ ಎದುರಿಗೆ, 'ಹೌದು, ಇವಳು ಸಾಯಬಹುದು' ಅಂತ ಯಾವ ಬಾಯಲ್ಲಿ ಹೇಳಲಿ? ಬಾಯಿಂದ ಬಿದ್ದ ಮಾತು ಮನೆಯೊಳಗೆ ಓಡಾಡುತ್ತದೆ ಅಂತ ನೀನೇ ಹೇಳುತ್ತಿದ್ದೆ, ಹಿಂದಿನ ಸಲ ನನ್ನ ಅವ್ವನಾಗಿದ್ದಾಗ. ಹುಬ್ಬು ಏರಿಸಿದೆ. ನೆತ್ತಿ ಮುಟ್ಟುವಷ್ಟು ಏರಿಸಿದೆ. ಅವಳು ಇನ್ನೊಮ್ಮೆ ಕೇಳಿದಳು, ನಾನು ಇನ್ನೊಮ್ಮೆ ಏರಿಸಿದೆ.

ಫೋನ್ ಇಟ್ಟ ಮೇಲೆ ಕಿಲಾಕ್ ನಕ್ಕಳು. 'ಅಜ್ಜೀ, ಫೋನಿಗೆ ಹುಬ್ಬು ಕಾಣಲ್ಲ!'

'ಕಾಣೋರು ಒಬ್ರು ಅಲ್ಲೇ ಕೂತಿದಾರೆ, ಬಿಡಿ ಯಜಮಾನ್ರೇ' ಅಂದೆ.

ನಿಜ ತಾನೇ? ಆ ಮೌನ ಏನು ಅಂತ ಆ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ, ನಿನಗೆ ಗೊತ್ತು. ನೀನು ಹೇಳಿರುತ್ತೀ. ನಾನು ನಿಶ್ಚಿಂತೆಯಾಗಿ ಮನೆಗೆ ಬಂದು ಮೀನು ತಿಂದು ಮಲಗಿದೆ.

ನಿನ್ನ ಮಗಳು,
ಲೀಟಿಯಾ

*

ಒಟ್ಟಾವಾ
9 ಡಿಸೆಂಬರ್ 2011

ಪ್ರೀತಿಯ ಮಗಳೇ,

ಈ ಸುದ್ದಿ ನಿನಗೆ ಕಚೇರಿಯ ಕಾಗದದಿಂದ ತಿಳಿಯುವುದು ಬೇಡ ಅಂತ ನಾನೇ ಬರೆಯುತ್ತಿದ್ದೇನೆ. ಹೊಲಿಗೆ ಮನೆಗೆ ಹಣ ಮಂಜೂರಾಗಲಿಲ್ಲ. ಸಮಿತಿಯವರಿಗೆ ನಿನ್ನ ಬಗ್ಗೆ ತುಂಬ ಗೌರವ ಇದೆ. ಆದರೆ ಅಲ್ಲಿ ತರಬೇತಿ ಪಡೆದವರು ಯಾರೂ ಇಲ್ಲ, ಮುಖ್ಯ ಪ್ರಶ್ನೆಗೆ ಅರ್ಜಿದಾರರಿಂದ ಉತ್ತರ ಬರಲಿಲ್ಲ ಎಂದು ತೀರ್ಮಾನವಾಯಿತು.

ಹಣ ಬೇರೆ ಎಲ್ಲಿಗೋ ಹೋಯಿತು ಅಂದುಕೊಳ್ಳಬೇಡ. ನಮ್ಮ ಊರುಗಳಿಗೆಲ್ಲ ಸೇರಿಸಿ ಒಂದು ಸಹಾಯ ಫೋನ್ ತೆರೆಯುತ್ತಿದ್ದಾರೆ. ಯಾರು ಬೇಕಾದರೂ ಕರೆ ಮಾಡಿ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಬಹುದು. ವಾರದಲ್ಲಿ ಕೆಲವು ದಿನ ನಮ್ಮ ಭಾಷೆಯವರೂ ಇರುತ್ತಾರೆ. ನಮ್ಮ ಸಂಸ್ಕೃತಿಗೆ ಹೊಂದುವ ಹಾಗೆ ಭಿತ್ತಿಪತ್ರ ಮಾಡಿಸಿದ್ದೇವೆ. ನೀನು ಸೀಲ್ ಎಣ್ಣೆ ದೀಪ ಹಚ್ಚುತ್ತಿರುವ ಫೋಟೊ ನನ್ನ ಹತ್ತಿರ ಇತ್ತಲ್ಲ, ಅದನ್ನೇ ಕೊಟ್ಟೆ. ಎಲ್ಲರಿಗೂ ತುಂಬ ಹಿಡಿಸಿತು.

ಕೆಂಪು ಬಟ್ಟೆ ಸಿಕ್ಕಿತು. ಈ ಕಾಗದದ ಜೊತೆ ಕಳಿಸಿದ್ದೇನೆ.

ನಿನ್ನ ಅವ್ವ,
ಉವಿಲುಕ್

*

ಕಂಗಿಯಾಪಿಕ್
18 ಜನವರಿ 2012

ಅವ್ವಾ,

ಕೆಂಪು ಬಟ್ಟೆ ಬಂತು. ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ನಿಮ್ಮ ಭಿತ್ತಿಪತ್ರವನ್ನು ಅಂಗಡಿ ಬಾಗಿಲಿಗೆ ಅಂಟಿಸಿದ್ದಾರೆ. ಹಿಟ್ಟು ತರಲು ಹೋದರೆ ಅಂಗಡಿಯವನು, 'ಲೀಟಿಯಾ, ನಿನ್ನ ದೀಪಕ್ಕೆ ನಂಬರ್ ಬಂದಿದೆಯಲ್ಲೇ! ಫೋನ್ ಮಾಡಿದ್ರೆ ತಾನೇ ಹತ್ಕೊಳ್ತದಾ?' ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದೆ ಏನು ಮಾಡಲಿ? ಚಿತ್ರದಲ್ಲಿರುವುದು ನನ್ನ ಕೈ. ಆ ದೀಪ ಹಚ್ಚುವ ಮನೆಗೆ ಬೀಗ.

ಒಳಗೆ ಚರ್ಮಗಳೆಲ್ಲ ಹಲಗೆಯ ಹಾಗೆ ಸೆಟೆದುಕೊಂಡಿವೆ. ಹುಡುಗಿಯರನ್ನು ನನ್ನ ಮನೆಗೆ ಕರೆಯೋಣ ಅಂದರೆ ಇಲ್ಲಿ ಮಲಗುವುದಕ್ಕೇ ಸರದಿ ಹಚ್ಚಿಕೊಂಡಿದ್ದೇವೆ. ಕಿಲಾಕ್ ಮತ್ತೆ ಗೋಡೆ ನೋಡಲು ಶುರು ಮಾಡಿದ್ದಾಳೆ. 'ಯಜಮಾನ್ರೇ, ಊಟ ಆಯ್ತಾ?' ಅಂದರೆ ನಗುವುದಿಲ್ಲ. ನವೆಂಬರಿನಲ್ಲಿ ಮುಳುಗಿದ ಸೂರ್ಯ ಇನ್ನೂ ಬಂದಿಲ್ಲ.

ಕಚೇರಿಯ ಕಾಗದವೂ ಬಂತು, ಆ ಮನೆಯಿಂದ ಉಪಯೋಗ ಇತ್ತೋ ಇಲ್ಲವೋ ಅಂತ ನಿಮ್ಮವರಿಗೆ ಗೊತ್ತಾಗಲಿಲ್ಲವಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯಿತೇ? ನಮ್ಮ ಹಿರಿಯರು ಬಿಳಿಯರಿಗೆ 'ಕಲ್ಲುನಾಟ್' ಅಂತ ಹೆಸರಿಟ್ಟರು, ದಪ್ಪ ಹುಬ್ಬಿನವರು ಅಂತ ಅರ್ಥ ಹೇಳುತ್ತಿದ್ದರು. ಹೆಸರಿನಲ್ಲಿ ಹುಬ್ಬು ಇಟ್ಟುಕೊಂಡವರಿಗೆ ಹುಬ್ಬಿನ ಮಾತು ತಿಳಿಯುವುದಿಲ್ಲ. ಅದು ಅವರ ತಪ್ಪಲ್ಲ, ಕಲಿಸಿದವರಿಲ್ಲ.

ನಾನು ಕೇಳುವುದು ನಿನ್ನನ್ನು. ಅರ್ಜಿದಾರರಿಂದ ಉತ್ತರ ಬರಲಿಲ್ಲ ಅಂತ ಬರೆದವರು ಯಾರು? ನಾನು ಸುಮ್ಮನಾದಾಗ ನಿನಗೆ ಏನು ಕೇಳಿಸಿತು? ಅದೊಂದನ್ನು ಬರೆ. ಬಟ್ಟೆ ಕಳಿಸಬೇಡ.

ಲೀಟಿಯಾ

*

ಕಂಗಿಯಾಪಿಕ್
24 ಫೆಬ್ರವರಿ 2012

ಅವ್ವಾ,

ನೀನು ಉತ್ತರ ಬರೆಯಲಿಲ್ಲ. ಪಂತ ಹಿಡಿದು ಕೂರುವ ಹೊತ್ತು ಇದಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಮೊದಲು ಇದನ್ನು ಓದು: ಕಿಲಾಕ್ ಬದುಕಿದ್ದಾಳೆ.

ಸೋಮವಾರ ಅವಳು ಹಿಮಗಟ್ಟಿದ ಸಮುದ್ರದ ಮೇಲೆ ನಡೆದುಕೊಂಡು ಹೋಗಿಬಿಟ್ಟಳು. ಕೈಗವಸು ಮನೆಯಲ್ಲೇ ಬಿಟ್ಟಿದ್ದಳು. ಸೀಲ್ ಬೇಟೆಗೆ ಹೋದವರ ಕಣ್ಣಿಗೆ ಬಿದ್ದಳು, ಇಲ್ಲದಿದ್ದರೆ ಇವತ್ತು ಬೇರೆ ಕಾಗದ ಬರೆಯುತ್ತಿದ್ದೆ. ಜಾರುಬಂಡಿಯಲ್ಲಿ ಹಾಕಿಕೊಂಡು ತಂದರು. ನನ್ನ ಹೊಟ್ಟೆಗೆ ಅವಳ ಕೈ ಒತ್ತಿಕೊಂಡು ಕೂತೆ. ಎಡಗೈಯ ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

ಹೋಗುವ ಮೊದಲು ಅವಳು ನಿಮ್ಮ ನಂಬರಿಗೆ ಫೋನ್ ಮಾಡಿದ್ದಳಂತೆ. ನನ್ನ ದೀಪದ ಕೆಳಗೆ ಬರೆದಿರುವ ನಂಬರಿಗೆ. ಆ ಕಡೆಯ ಹೆಂಗಸು ಒಳ್ಳೆಯ ದನಿಯಲ್ಲೇ ಕೇಳಿದಳಂತೆ, ಸಾಯಬೇಕು ಅನ್ನಿಸುತ್ತಿದೆಯೇ ಅಂತ. ಇವಳು ಹುಬ್ಬು ಏರಿಸಿದಳು. ಅವಳು ಮತ್ತೆ ಕೇಳಿದಳು, ಇವಳು ಮತ್ತೆ ಏರಿಸಿದಳು. 'ಮಾತಾಡಬೇಕು ಅನ್ನಿಸಿದಾಗ ಪುನಃ ಕರೆ ಮಾಡಿ' ಅಂತ ಹೇಳಿ ಇಟ್ಟುಬಿಟ್ಟಳು.

ನಾನು ಅಳುತ್ತಾ ಬೈದೆ. 'ಫೋನಿಗೆ ಹುಬ್ಬು ಕಾಣಲ್ಲ ಅಂತ ನಂಗೆ ಹೇಳಿದೋಳು ನೀನೇ ಅಲ್ವೇನೇ?'

'ಗೊತ್ತಿತ್ತು ಅಜ್ಜಿ. ಬಾಯಿ ಬರ್ಲಿಲ್ಲ.'

ಕತ್ತಲಾಗುವುದರೊಳಗೆ ವಿಮಾನ ಬಂತು. ಅದರಲ್ಲಿ ಡಾಕ್ಟರು, ನರ್ಸು, ಹಾಸಿಗೆ, ಎಲ್ಲ ಇತ್ತು. ಹೊಲಿಗೆ ಮನೆಯ ಒಲೆಗೆ ಒಂದು ಡ್ರಮ್ ಎಣ್ಣೆ ಹುಟ್ಟಲಿಲ್ಲ, ಅವಳನ್ನು ಎತ್ತಿಕೊಂಡು ಹೋಗಲು ವಿಮಾನದ ತುಂಬ ಎಣ್ಣೆ ಇತ್ತು. ನಾನೂ ಹತ್ತುತ್ತೇನೆ ಅಂದರೆ ಜಾಗ ಇಲ್ಲ ಅಂದರು.

ಅವಳು ನಿನ್ನ ಊರಿನಲ್ಲಿದ್ದಾಳೆ. ಹೋಗು. ಅವಳ ಮುಖ ನೋಡುವವರು ಅಲ್ಲಿ ಒಬ್ಬರಾದರೂ ಇರಲಿ.

ಲೀಟಿಯಾ

*

ಒಟ್ಟಾವಾ
20 ಮಾರ್ಚ್ 2012

ಮಗಳೇ,

ದಿನಾ ಆಫೀಸು ಬಿಟ್ಟ ಕೂಡಲೇ ಆಸ್ಪತ್ರೆಗೆ ಹೋಗುತ್ತೇನೆ. ಬೆರಳು ಉಳಿದಿವೆ. ತುದಿಗಳಲ್ಲಿ ಸ್ಪರ್ಶ ಕಡಿಮೆ. ಚರ್ಮದ ತುಂಡೊಂದನ್ನು ತೆಗೆದುಕೊಂಡು ಹೋಗಿದ್ದೆ, ಸೂಜಿಯನ್ನು ಬಾಗಿಲಲ್ಲೇ ಕಿತ್ತುಕೊಂಡರು. ಚರ್ಮವನ್ನು ಮೂಸುತ್ತಾ ಮಲಗಿರುತ್ತಾಳೆ.

ಮೊನ್ನೆ ಡಾಕ್ಟರು ನನ್ನ ಎದುರಿಗೇ ಅವಳನ್ನು ಕೇಳಿದರು, ಮನೆಗೆ ಹೋಗುವ ಆಸೆ ಇದೆಯೇ ಅಂತ. ಹುಬ್ಬು ಏರಿಸಿದಳು. ಅವರು ಕಾದರು, ಆಮೇಲೆ ಏನೋ ಬರೆದುಕೊಂಡರು. 'ಅವಳು ಹೌದು ಅಂದಳು' ಅಂದೆ. ನೀವು ಅವಳಿಗೆ ಏನಾಗಬೇಕು ಅಂತ ಕೇಳಿದರು. ಈ ಸಲ ಬಾಯಿಬಿಟ್ಟು ಹೇಳಿದೆ, 'ಇವಳು ನನ್ನ ಅಳಿಯ.' ಅವಳು ಹೊತ್ತ ಹೆಸರು ನಿನ್ನ ಗಂಡನದು, ನಿನ್ನ ಗಂಡ ನನಗೆ ಅಳಿಯನೇ ತಾನೇ. ಅವರು ನನ್ನನ್ನೂ ಒಮ್ಮೆ ನೋಡಿ ಅದನ್ನೂ ಬರೆದುಕೊಂಡರು. ಬಳಗದವರು ಹೇಳಿದರೆ ಸಾಲದು, ರೋಗಿಯೇ ಬಾಯಿಬಿಟ್ಟು ಹೇಳಬೇಕು ಅಂದರು.

ಹೇಳಿದರೂ ಸದ್ಯ ಕಳಿಸುವುದಿಲ್ಲ. ಮಾನ್ಯತೆ ಪಡೆದ ಆರೈಕೆ ಊರಿನಲ್ಲಿ ಇಲ್ಲವಂತೆ. ಹೊಲಿಗೆ ಮನೆ ಇತ್ತು ಅಂದೆ. ಅದಕ್ಕೆ ಯಾರಾದರೂ ಹಣ ಕೊಡುತ್ತಾರಾ ಅಂತ ಕೇಳಿದರು. ಇಲ್ಲ ಎಂಬ ಕಾಗದವನ್ನು ಟೈಪು ಮಾಡಿದ ಕೈ ನನ್ನದೇ.

ನೀನು ಜನವರಿಯಲ್ಲಿ ಕೇಳಿದ್ದಕ್ಕೆ ಉತ್ತರ. ಕೇಳಿಸಿತು. ನಿನ್ನ ಹುಬ್ಬು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಎಲ್ಲರೂ ಮೇಜಿನ ನಡುವಿನ ಫೋನನ್ನು ನೋಡುತ್ತಿದ್ದರು. ಬಾಯಿ ತೆರೆದರೆ ಇವಳಿಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ, ಬಳಗ ಅಂತ ತಿಳಿದರೆ ಅರ್ಜಿಯನ್ನೇ ತೆಗೆದು ಹಾಕುತ್ತಾರೆ ಅಂದುಕೊಂಡೆ. ಅದು ನಿಜ. ಆ ಕೋಣೆಯಲ್ಲಿ ನಮ್ಮವರಲ್ಲಿ ಕುರ್ಚಿ ಸಿಕ್ಕಿದ್ದು ನನಗೊಬ್ಬಳಿಗೇ, ಅದು ಹೋಗಬಾರದು ಅಂತಲೂ ಇತ್ತು. ಅದೂ ನಿಜ. 'ಉತ್ತರ ಇಲ್ಲ' ಅಂತ ಬರೆದೆ.

ನನ್ನ ಮೇಲೆ ಸಿಟ್ಟು ಮಾಡು, ಆದರೆ ಬರೆ.

ಉವಿಲುಕ್

*

ಒಟ್ಟಾವಾ
11 ಜುಲೈ 2012

ಮಗಳೇ,

ಏಪ್ರಿಲ್‌ನಲ್ಲಿ ಬರೆದೆ, ಮೇ ತಿಂಗಳಲ್ಲಿ ಬರೆದೆ. ನಿನ್ನಿಂದ ಒಂದು ಸಾಲೂ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವವರು ಇಂಥ ಮೌನ ಉಂಡಿರಲಿಕ್ಕಿಲ್ಲ.

ಕಿಲಾಕ್‌ಳನ್ನು ಆಸ್ಪತ್ರೆಯಿಂದ ಹದಿಹರೆಯದವರ ಆಶ್ರಮಕ್ಕೆ ಸೇರಿಸಿದ್ದಾರೆ. ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ. ಕೇಳಿದ್ದಕ್ಕೆಲ್ಲ ಬಾಯಲ್ಲಿ ಉತ್ತರ ಕೊಡುವ ಅಭ್ಯಾಸ ಮಾಡಿಸಿದ್ದಾರೆ. ಹುಬ್ಬು ಏರಿಸುವುದನ್ನು ಬಿಟ್ಟಿದ್ದಾಳೆ. ಡಾಕ್ಟರು ಇದನ್ನು ಒಳ್ಳೆಯ ಸುಧಾರಣೆ ಅನ್ನುತ್ತಾರೆ. ನಾನು ಎದುರಿಗೆ ಕೂತು ಹುಬ್ಬು ಏರಿಸಿದರೆ, 'ಏನಾಯ್ತು ನಿಂಗೆ?' ಅನ್ನುವ ಹಾಗೆ ನೋಡುತ್ತಾಳೆ.

ಈ ವರ್ಷ ಮತ್ತೆ ಅರ್ಜಿ ಕರೆದಿದ್ದಾರೆ. ಹೊಲಿಗೆ ಮನೆಗೆ ಇನ್ನೊಮ್ಮೆ ಹಾಕು. ನೀನು ನನಗೆ ಏನಾಗಬೇಕು ಅಂತ ಈ ಸಲ ಮೊದಲೇ ಹೇಳುತ್ತೇನೆ, ಏನು ಬೇಕಾದರೂ ಆಗಲಿ. ಫೋನಿನಲ್ಲಿ ಅವ್ವಾ ಅಂತಲೇ ಕರೆ.

ನಿನ್ನ ಅವ್ವ,
ಉವಿಲುಕ್

*

ಕಂಗಿಯಾಪಿಕ್
9 ಸೆಪ್ಟೆಂಬರ್ 2012

ಉವಿಲುಕ್,

ಹಡಗು ಬಂದಿದೆ, ಹೋಗುವಾಗ ಈ ಕಾಗದ ತೆಗೆದುಕೊಂಡು ಹೋಗುತ್ತದೆ.

ಕಿಲಾಕ್ ಫೋನ್ ಮಾಡಿದ್ದಳು. ನರ್ಸಮ್ಮ ನನ್ನನ್ನು ಕರೆಸಿದಳು. ಫೋನ್ ಮುಟ್ಟಲಾರೆ ಅಂದವಳು ಓಡುತ್ತಾ ಹೋದೆ. 'ಯಜಮಾನ್ರೇ, ಮನೆಗೆ ಬರ್ತೀರಾ?' ಅಂತ ಕೇಳಿದೆ. 'ಎಸ್' ಅಂದಳು. ನಮ್ಮ ಮಾತಿನಲ್ಲಿ ಅಲ್ಲ. ಅಧಿಕಾರಿಗೆ ಹೇಳುವ ಹಾಗೆ, ಕೇಳಿದ ಕೂಡಲೇ, ಗಟ್ಟಿಯಾಗಿ. ಅವಳು ಸುಮ್ಮನಿದ್ದಿದ್ದರೆ ಆ ಹುಬ್ಬು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಆಶ್ರಮದ ಊಟ, ಶಾಲೆ ಅಂತ ಇನ್ನೂ ಏನೇನೋ ಹೇಳಿದಳು. ಯಾರದೋ ಮನೆಯ ಮಗು ಮಾತಾಡಿದ ಹಾಗಿತ್ತು. ಸಾಯಲಿಲ್ಲವಲ್ಲ, ಅಷ್ಟು ಸಾಕು ಅಂತ ಊರಿನವರು ಸಮಾಧಾನ ಹೇಳುತ್ತಾರೆ. ನಾನೂ ಹುಬ್ಬು ಏರಿಸುತ್ತೇನೆ. ಗಂಡ ಸತ್ತಾಗ ಇಷ್ಟು ಅತ್ತಿರಲಿಲ್ಲ.

ಹೊಸ ಅರ್ಜಿ ಹಾಕು ಅಂದಿದ್ದೀ. ನನ್ನ ಮೂಗು ಸುಕ್ಕಾಗಿದೆ, ನೋಡಿಕೋ. ಬೇರೆ ಮುದುಕಿಯರು ಹಾಕುವುದಾದರೆ ಹಾಕಲಿ. ಅವರಲ್ಲಿ ಯಾರೂ ನಿನಗೆ ಮಗಳಲ್ಲ, ನಿನಗೆ ಸುಲಭವಾಗುತ್ತದೆ.

ಇನ್ನೊಂದು ಸುದ್ದಿ. ಅಂಗಡಿಯವನ ಸೊಸೆ ಆಗಸ್ಟ್‌ನಲ್ಲಿ ಹೆಣ್ಣು ಹೆತ್ತಳು. ಹೆಸರು ಕೇಳಲು ನನ್ನ ಹತ್ತಿರ ಬಂದರು. ಉವಿಲುಕ್ ಅಂತ ಇಡಿ ಅಂದೆ. ಒಂದು ಹೆಸರು ಇಬ್ಬರಲ್ಲಿ ಇರಬಹುದು ಅಂತ ನಿನಗೂ ಗೊತ್ತು, ನಿನ್ನ ಹೆಸರನ್ನು ನಾನು ಕಿತ್ತುಕೊಂಡಿಲ್ಲ. ಆದರೆ ಅವ್ವಾ ಅಂತ ಕರೆಯುವವಳು ನಾನೊಬ್ಬಳೇ. ಎರಡು ಕಡೆಗೆ ಕರೆಯುವಷ್ಟು ಉಸಿರು ಈಗ ಇಲ್ಲ.

ನಿನ್ನೆ ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಕೆಂಪು ಬಟ್ಟೆ ಸುತ್ತಿ, 'ಅವ್ವಾ, ನನ್ನ ಗುರುತು ಸಿಕ್ತಾ?' ಅಂತ ಕೇಳಿದೆ.

ಹುಬ್ಬು ಏರಿಸಿತು.

ನಿನ್ನ ದೊಡ್ಡಮ್ಮ,
ಲೀಟಿಯಾ